ರಬ್ಬರಪ್ಪನ ಪೆನ್ಸಿಲ್ಲು

ಕಾಲೇಜಿನ ಗ್ರಂಥಪಾಲಕರಿಗೆ ಅಂದು ಬೆಳಿಗ್ಗೆ ಬಂದ ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಜೀವವಿಕಾಸದ ಗುಟ್ಟನ್ನು ಲೋಕಕ್ಕೆ ಬಿಡಿಸಿ ಹೇಳಿದ ಆ ಉದ್ದ ಗಡ್ಡದ ಪ್ರಕೃತಿ ವಿಜ್ಞಾನಿಯ ಬರಹಗಳು ವಿದ್ವಾಂಸರ ಮೇಲೆ ಎಂಥ ಪ್ರಭಾವ ಬೀರಿದವು ಎಂದು ಸಂಶೋಧನೆ ಮಾಡುತ್ತಿದ್ದ ಒಬ್ಬಾಕೆ ಬರೆದಿದ್ದರು. 'ನಿಮ್ಮ ಸ್ಥಾಪಕ ಪ್ರೊಫೆಸರರು ಓದಿದ ಆ ವಿಜ್ಞಾನಿಯ ಪುಸ್ತಕದ ಪ್ರತಿ ನಿಮ್ಮಲ್ಲೇ ಇದೆ. ಅದರ ಅಂಚುಗಳಲ್ಲಿ ಅವರು ಪೆನ್ಸಿಲ್ಲಿನಿಂದ ಟಿಪ್ಪಣಿ ಬರೆದಿದ್ದರಂತೆ. ಆ ಅಂಚುಗಳನ್ನು ನೋಡಬೇಕು. ಇಪ್ಪತ್ತನೇ ತಾರೀಕು ಮೂರು ಗಂಟೆಗೆ ಬರುತ್ತೇನೆ.'

ಇಪ್ಪತ್ತು ಎಂದರೆ ಅಂದೇ. ಆ ಟಿಪ್ಪಣಿಗಳು ಎಲ್ಲಿ ಹೋದವೆಂದು ಗ್ರಂಥಪಾಲಕರಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರವೇ, ಅವರು ಕೈಯಾರೆ ಅಳಿಸಿದ್ದರು.

ಕಾಲೇಜಿನವರೆಲ್ಲ ಅವರನ್ನು ರಬ್ಬರಪ್ಪ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ವಾಪಸು ಬಂದ ಪುಸ್ತಕವನ್ನು ಹಾಳೆ ಹಾಳೆ ತಿರುವಿ, ಗುರುತು ಕಂಡಲ್ಲಿ ರಬ್ಬರಿನಿಂದ ತಿಕ್ಕಿ, ಉಫ್ ಎಂದು ಊದಿಯೇ ಕಪಾಟಿಗೆ ಸೇರಿಸುವುದು. ಅಳಿಸುವುದನ್ನು ಓದುವ ಚಪಲವಂತೂ ಇರಲಿಲ್ಲ. "ಓದ್ತಾ ಕೂತ್ರೆ ಅಳಿಸೋರು ಯಾರು?" ಎನ್ನುತ್ತಿದ್ದರು. ಗೋಡೆಯ ಮೇಲೆ ಅವರದೇ ದುಂಡನೆಯ ಕೈಬರಹದ ಬೋರ್ಡು ತೂಗುತ್ತಿತ್ತು: 'ಪುಸ್ತಕದಲ್ಲಿ ಬರೆಯುವವನು ಪುಸ್ತಕದ ಶತ್ರು.'

ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಹೇಳಿ ಹೋದರು. "ನನಗೂ ಕಾಗದ ಬಂದಿದೆ. ಆ ಪುಸ್ತಕ ಅರೆದು ಕುಡಿದೇ ನಮ್ಮ ಸ್ಥಾಪಕರು ಅಷ್ಟು ದೊಡ್ಡೋರಾಗಿದ್ದು. ಆ ಟಿಪ್ಪಣಿ ಅಂದ್ರೆ ಕಾಲೇಜಿನ ಮಾನ ಕಣ್ರೀ. ಏನಾದ್ರೂ ಎಡವಟ್ಟಾಯ್ತೋ, ತನಿಖೆ ಹಾಕ್ಸಿಬಿಡ್ತೀನಿ!"

ನಿವೃತ್ತಿಗೆ ಇನ್ನು ಮೂರೇ ತಿಂಗಳು. ಒಂದೂ ಕಪ್ಪು ಚುಕ್ಕೆಯಿಲ್ಲದೆ ಸವೆಸಿದ ನೌಕರಿ. ರಬ್ಬರಪ್ಪ ಪುಸ್ತಕ ತೆರೆದು ನೋಡಿದರು. ಅಂಚುಗಳು ಒಗೆದು ಇಸ್ತ್ರಿ ಮಾಡಿದ ಹಾಗೆ ಬೆಳ್ಳಗಿದ್ದವು. ಜೀವಮಾನದಲ್ಲಿ ಮೊದಲ ಬಾರಿ ತಮ್ಮ ಕೆಲಸದ ಅಚ್ಚುಕಟ್ಟು ನೋಡಿ ಅವರಿಗೆ ಅಳು ಬಂತು.

ಕಾಲೇಜಿನಲ್ಲಿ ಸುದ್ದಿಗೆ ಕಾಲಲ್ಲ, ರೆಕ್ಕೆಯೇ ಇರುತ್ತದೆ. ಹನ್ನೊಂದಕ್ಕೆಲ್ಲ ಪ್ರಾಣಿಶಾಸ್ತ್ರದ ಮೇಷ್ಟ್ರೂ ಟೈಪಿಸ್ಟ್ ಅಮ್ಮನೂ ಹಾಜರಾದರು.

"ಇಷ್ಟಕ್ಕೆ ಯಾಕ್ರೀ ಮುಖ ಹಾಗೆ ಮಾಡ್ಕೊಂಡಿದೀರಾ?" ಎಂದರು ಮೇಷ್ಟ್ರು. "ಅವರು ಏನು ಬರೆದಿದ್ರೋ ಕಂಡೋರು ಯಾರಿದಾರೆ? ನಾವೇ ಬರೆದ್ರಾಯ್ತು. ನಾನು ಹೇಳ್ತೀನಿ, ನೀವು ಬರೀರಿ."

"ನೀವು ಈ ಪುಸ್ತಕ ಓದಿದೀರಾ?"

"ಮೂವತ್ತು ವರ್ಷದಿಂದ ಇದನ್ನೇ ಪಾಠ ಮಾಡ್ತಿದೀನಿ. ಓದೋಕೆ ಪುರುಸೊತ್ತೆಲ್ಲಿ?"

ಟೈಪಿಸ್ಟ್ ಅಮ್ಮ ಪೆನ್ಸಿಲ್ ಕೆತ್ತಿ ಕೈಗಿಟ್ಟರು. ರಬ್ಬರಪ್ಪ ಸ್ವಂತ ಮಗುವಿನ ಕೆನ್ನೆಗೆ ಹೊಡೆಯುವವರಂತೆ ಕಣ್ಣು ಮುಚ್ಚಿಕೊಂಡು ಮೊದಲ ಅಕ್ಷರ ಬರೆದರು.

"ಅಯ್ಯೋ, ಇರುವೆ ಹರಿದಂಗಿದೆ! ಒತ್ತಿ ಬರೀರಿ," ಎಂದರು ಟೈಪಿಸ್ಟ್ ಅಮ್ಮ. "ಹಿಂದಿನ ಕಾಲದೋರು ಒತ್ತೇ ಬರೀತಿದ್ರು. ನಮ್ಮ ತಾತ ಬರೆದ್ರೆ ಮೇಜಿನ ಮೇಲೂ ಮೂಡ್ತಿತ್ತು."

ರಬ್ಬರಪ್ಪ ಒತ್ತಿದರು. ಹಲ್ಲು ಕಚ್ಚಿ ಒತ್ತಿದರು. 'ಅದ್ಭುತ ವಿಚಾರ!' 'ಈ ಮಾತಿನಿಂದ ನನ್ನ ಕಣ್ಣು ತೆರೆಯಿತು.' ಪಾರಿವಾಳದ ವಿಷಯ ಬಂದಲ್ಲೆಲ್ಲ ಮೇಷ್ಟ್ರು, "ಇಲ್ಲಿ 'ಸತ್ಯ, ಸತ್ಯ' ಅಂತ ಹಾಕಿ" ಎಂದರು.

"ಬರೀ ಹೊಗಳಿದ್ರೆ ಅನುಮಾನ ಬರುತ್ತೆ. ಒಂದು ಕಡೆ 'ಇದನ್ನು ಒಪ್ಪುವುದು ಕಷ್ಟ' ಅಂತನೂ ಇರ್ಲಿ," ಎಂದರು ಟೈಪಿಸ್ಟ್ ಅಮ್ಮ. ಅವಸರದಲ್ಲಿ ಅದನ್ನು ಬರೆದ ಪುಟದಲ್ಲಿ ಇದ್ದದ್ದು ಮುದ್ರಕರ ವಿಳಾಸ.

ಹೀಗೆ ಒಂದು ಅಂಚೂ ಬಿಡದೆ ಗೀಚುತ್ತ ಕೊನೆಯ ಪುಟಕ್ಕೆ ಬಂದಾಗ ಪೆನ್ಸಿಲಿನ ಮೊನೆ ಟಕ್ಕೆಂದು ಮುರಿಯಿತು. ಹೊರಗೆ ಪ್ರಿನ್ಸಿಪಾಲರ ದನಿ ಕೇಳಿಸಿತು. ಗಂಟೆ ಮೂರು.

ಪ್ರಿನ್ಸಿಪಾಲರ ಜೊತೆ ಒಳಗೆ ಬಂದ ಸಂಶೋಧಕಿ ನಗುಮುಖದ ಹೆಂಗಸು. ಕುರ್ಚಿ ಎಳೆದುಕೊಂಡು ಕೂತು, ಚೀಲದಿಂದ ಒಂದು ಪುಟ್ಟ ದೀಪ ತೆಗೆದು ಮೇಜಿನ ಮೇಲಿಟ್ಟರು. "ನೀವು ಗಾಬರಿ ಆಗ್ಬೇಡಿ ಸಾರ್. ಟಿಪ್ಪಣಿ ಅಳಿಸಿಬಿಟ್ಟಿದೀರ ಅಂತ ನಿಮ್ಮ ಹಳೇ ವಿದ್ಯಾರ್ಥಿಯೊಬ್ರು ಆಗ್ಲೇ ಹೇಳಿದಾರೆ."

ರಬ್ಬರಪ್ಪ ಮೊನೆ ಮುರಿದ ಪೆನ್ಸಿಲನ್ನು ಜೇಬಿಗೆ ತುರುಕಿದರು. "ಗೊ... ಗೊತ್ತಿತ್ತಾ?"

"ಅದಕ್ಕೇ ಈ ದೀಪ ತಂದಿದ್ದು. ಸೀಸ ಹೋದ್ರೂ ಒತ್ತಿದ ಗುರುತು ಕಾಗದದಲ್ಲಿ ಹಾಗೇ ಇರುತ್ತೆ. ಬೆಳಕು ಓರೆಯಾಗಿ ಬಿಟ್ರೆ ಒಂದೊಂದಕ್ಷರವೂ ಎದ್ದು ಕಾಣುತ್ತೆ. ಅದರ ಮೇಲೆ ಯಾರೂ ಒತ್ತಿ ಬರೀದಿದ್ರೆ ಸಾಕು."

ಸುಮ್ಮನೆ ಕೈಕಟ್ಟಿ ಕೂತಿದ್ದರೆ ಆಗುತ್ತಿತ್ತಲ್ಲ ಎಂದು ರಬ್ಬರಪ್ಪನಿಗೆ ಆಗ ಹೊಳೆಯಿತು. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಕ್ಲಾಸು ನೆನಪಾಯಿತು. ಟೈಪಿಸ್ಟ್ ಅಮ್ಮ ಅವರ ಹಿಂದೆಯೇ ಜಾರಿಕೊಂಡರು.

ಸಂಶೋಧಕಿ ಪುಸ್ತಕ ತೆರೆದರು. ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು. ಮುಖದ ನಗು ಇಳಿಯಿತು. "ಮುದ್ರಕರ ವಿಳಾಸವನ್ನ ಒಪ್ಪೋದು ಕಷ್ಟ ಅಂತಿದೆಯಲ್ಲ?" ಎಂದು ತಲೆಯೆತ್ತಿದವರ ಕಣ್ಣು ಗೋಡೆಯ ಬೋರ್ಡಿನ ಮೇಲೆ ನಿಂತಿತು. ಮತ್ತೆ ಪುಸ್ತಕ ನೋಡಿದರು, ಮತ್ತೆ ಬೋರ್ಡು ನೋಡಿದರು. ಅದೇ ದುಂಡನೆಯ ಅಕ್ಷರ. ಪ್ರಿನ್ಸಿಪಾಲರೂ ನೋಡಿದರು. ಅವರ ಕಿವಿ ಕೆಂಪಗಾಯಿತು.

"ಎಲ್ಲಾ ಹಾಳಾಗಿದೆ," ಎಂದು ಸಂಶೋಧಕಿ ನಿಟ್ಟುಸಿರಿಟ್ಟರು. "ತಾಳಿ, ಕೊನೇ ಪುಟ ಒಂದು ಹಾಗೇ ಇದೆ!"

ದೀಪ ಓರೆಯಾಯಿತು. ಬೆಳ್ಳಗಿನ ಅಂಚಿನಲ್ಲಿ ಸ್ಥಾಪಕರ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಸಂಶೋಧಕಿ ಗಟ್ಟಿಯಾಗಿ ಓದಿದರು. 'ಅಂತೂ ಮುಗಿಯಿತು. ಒಂದಕ್ಷರ ತಲೆಗೆ ಹತ್ತಲಿಲ್ಲ. ಭಾಷಣದಲ್ಲಿ ಹೆಸರು ಹೇಳಿದರೆ ಸಾಕು. ಮಿಕ್ಕವರು ಮಾತ್ರ ಓದಿದ್ದಾರೆಯೇ?'

ಅವರ ಮುಖ ಅರಳಿತು. "ಪ್ರಭಾವ ಅಂದ್ರೆ ಇದು! ನನ್ನ ಪುಸ್ತಕದ ಮೊದಲ್ನೇ ಅಧ್ಯಾಯ ಸಿಕ್ತು. ನಿಮ್ಮ ಕಾಲೇಜಿನ ಹೆಸರು ದಪ್ಪ ಅಕ್ಷರದಲ್ಲಿ ಹಾಕ್ಸ್ತೀನಿ ಸಾರ್."

ಆಕೆಯನ್ನು ಗೇಟಿನವರೆಗೆ ಬಿಟ್ಟು ಬಂದ ಪ್ರಿನ್ಸಿಪಾಲರು ಬಾಗಿಲು ಹಾಕಿ ರಬ್ಬರಪ್ಪನ ಎದುರಿಗೆ ನಿಂತರು.

"ಸಾರ್, ಪುಸ್ತಕದಲ್ಲಿ ಬರೆದಿದ್ದು ತಪ್ಪಾಯ್ತು..." ಎಂದು ರಬ್ಬರಪ್ಪ ಕೈಮುಗಿದರು.

"ಬರೆದಿದ್ದಕ್ಕಲ್ಲರೀ ತನಿಖೆ!" ಎಂದು ಪ್ರಿನ್ಸಿಪಾಲರು ಗುಡುಗಿದರು. "ಅಷ್ಟೆಲ್ಲಾ ಬರೆದೋರು, ಆ ಒಂದು ಪುಟ ಯಾಕ್ರೀ ಬಿಟ್ರಿ?"