ಕಾಯ್ತಾನ್ ಬಾಬರಿಗೆ ಕೊಟ್ಟ ಮಾತು

ತನ್ನಪ್ಪನ ಹೆಸರು ಕೇಳಿ ಬೀಗರು ನಕ್ಕಿದ್ದನ್ನು ಕಂಠೆಪ್ಪ ಇಂದಿಗೂ ಮರೆತಿಲ್ಲ. ಮಗಳು ಜಯಶ್ರೀಯ ಕೂಸಿಗೆ ‘ಭೀಮಶಿ’ ಎಂದಿಡೋಣ ಅಂದರೆ, ಅಳಿಯನ ಅಕ್ಕ ಮೃದುಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಬೀಗರು ಮೊಬೈಲಿನಲ್ಲಿ ನೋಡಿ ‘ಗುರುಕಿರಣ’ ಎಂಬ ಹೆಸರು ಆರಿಸಿ ತಂದಿದ್ದರು.

“ನನ್ನ ಮನ್ಯಾಗ ತೊಟ್ಟಿಲು, ನಮ್ಮಪ್ಪನ ಹೆಸರು. ಯಾರ ತಡೀತಾರ ನೋಡ್ತೀನಿ” ಎಂದು ಗೋವಾದ ಕೊರ್ತಾಲಿಮ್‌ನ ಸೆಂಟ್ರಿಂಗ್ ಮೇಸ್ತ್ರಿ ಕಂಠೆಪ್ಪ ಹೆಂಡತಿ ಯಲ್ಲವ್ವನೆದುರು ಮೀಸೆ ತಿರುವಿದ.

ಉಪಾಯವೂ ಸಿದ್ಧವಿತ್ತು. ತೀರಿಹೋದ ವಾದ್ಯಗಾರ, ಊರೆಲ್ಲ ‘ಬಾಬ’ ಎಂದು ಗೌರವಿಸುತ್ತಿದ್ದ ಕಾಯ್ತಾನ್ ಬಾಬರ ಹಳೇ ಬಂಗಲೆ ಕೆಡವುವಾಗ, ಅವರ ಮನೆಯವರು ಒಂದು ರೆಕಾರ್ಡ್ ಪ್ಲೇಯರನ್ನೂ ಒಂದೇ ಒಂದು ಜಾಝ್ ರೆಕಾರ್ಡನ್ನೂ ಇವನಿಗೆ ಕೊಟ್ಟಿದ್ದರು. ಕವರಿನ ಮೇಲೆ ಆರ್ಗನ್ ಮುಂದೆ ಕೂತು ನಗುವ ಬಾಬ, ಹಿಂದೆ ತುತ್ತೂರಿ ಹಿಡಿದ ಇಡೀ ದಂಡು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಊದುವ ಹೊತ್ತಿಗೆ ಆ ದಂಡನ್ನು ಜೋರಾಗಿ ಬಾರಿಸಿಬಿಟ್ಟರೆ ಅವಳು ಊದಿದ ಹೆಸರು ಅಲ್ಲೇ ಸತ್ತಂತೆ. ಆಮೇಲೆ ತಾನು ‘ಭೀಮಶಿ’ ಎಂದು ಕೂಗಿ ಸಕ್ಕರೆ ಹಂಚುವುದು!

ಹೆಂಗಸರು ಕೂರಲು ಜಾಗ ಬೇಕೆಂದು, ಅಂಗಳದಲ್ಲಿ ಮಲಗಿದ್ದ ಸೆಂಟ್ರಿಂಗ್‌ನ ಟೊಳ್ಳು ಕಬ್ಬಿಣದ ಪೈಪುಗಳನ್ನೆಲ್ಲ ಎತ್ತಿ ಮನೆಯ ಹೊರಗೋಡೆಗೆ ನಿಲ್ಲಿಸಿದ.

ಮಧ್ಯಾಹ್ನ ಒಳಗೆ ಮೃದುಲಾ ತೊಟ್ಟಿಲಿಗೆ ಬಾಗಿದಳು. ಹೆಂಗಸರು ಶಾಸ್ತ್ರದಂತೆ ಅವಳ ಬೆನ್ನಿಗೆ ಗುದ್ದಲು ಕೈಯೆತ್ತಿದರು. ಕಂಠೆಪ್ಪ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ತುತ್ತೂರಿಗಳು ಒಮ್ಮೆಲೇ ಮೈಮೇಲೆ ಬಿದ್ದವು; ಅವುಗಳ ಅಡಿಯಿಂದ ಆರ್ಗನ್ ಹೂಂಕರಿಸುತ್ತ ಎದ್ದಿತು. ಎತ್ತಿದ ಕೈ ಎತ್ತಿದಲ್ಲೇ, ಮೃದುಲಾಳ ಬಾಯಿ ತೆರೆದಲ್ಲೇ ಉಳಿಯಿತು. ಕೂಸು ಮಾತ್ರ ಅಳಲಿಲ್ಲ. ಖಾಲಿ ಬಾಗಿಲತ್ತ ಕಣ್ಣು ನೆಟ್ಟಿತ್ತು.

ಈಗ ಕೂಗಬೇಕೆಂದು ಕಂಠೆಪ್ಪ ಮುಳ್ಳೆತ್ತಿದ. ತುತ್ತೂರಿ ನಿಂತವು. ಆರ್ಗನ್ ನಿಲ್ಲಲಿಲ್ಲ.

ಸಿಟ್ಟಿನಿಂದ ವೈರು ಕಿತ್ತ. ನಿಲ್ಲಲಿಲ್ಲ. ರೆಕಾರ್ಡನ್ನು ಕವರಿಗೆ ತುರುಕಿ ಅದರ ಮೇಲೆಯೇ ಕೂತುಬಿಟ್ಟ. ಅದೇ ಉದ್ದನೆಯ ಸ್ವರ, ಗೋಡೆಯಾಚೆಯಿಂದ, ಯಾರೋ ಉಸಿರು ಎಳೆದೆಳೆದು ಬಿಟ್ಟಂತೆ. ತಾನು ಕೂತ ಕವರಿನೊಳಗಿಂದ ಬಾಬ ನಗುತ್ತಿದ್ದಾರೆ ಅನ್ನಿಸಿತು.

“ಬಾಬ, ಸಾಕ್ರಿ. ಕೂಸಿಗೆ ನಿಮ್ಮ ಹೆಸರು ಇಡ್ತೀನಿ, ನಿಲ್ಲಸ್ರಿ” ಎಂದು ಕೈಮುಗಿದ.

ನಿಂತಿತು.

ಆ ಮೌನದಲ್ಲಿ ಮೃದುಲಾ ‘ಗುರುಕಿರಣ’ ಎಂದು ಊದಿದ್ದು ಇಡೀ ಓಣಿಗೆ ಕೇಳಿತು. ಬೆನ್ನಿಗೆ ಗುದ್ದು ಬಿದ್ದವು, ಸಕ್ಕರೆ ಹಂಚಿದ್ದೂ ಆಯಿತು. ಅಷ್ಟರಲ್ಲಿ ಝುವಾರಿ ಹೊಳೆಯ ಕಡೆಯಿಂದ, ನಿಂತಿದ್ದ ಗಾಳಿ ಮತ್ತೆ ಬೀಸಿತು. ಗೋಡೆಗೆ ನಿಂತ ಪೈಪುಗಳು ಹೂಂಗುಟ್ಟಿದವು. ಯಲ್ಲವ್ವ ಅಂಗಳಕ್ಕಿಳಿದು ಒಂದು ಗಿಡ್ಡ ಪೈಪಿನ ಬಾಯಿಗೆ ಅಂಗೈ ಮುಚ್ಚಿದಳು. ಒಂದು ಸ್ವರ ಕಡಿಮೆಯಾಯಿತು.

“ನೋಡ್ರಿ, ನಿಮ್ಮ ಬಾಬ ಇಲ್ಲಿ ಅದಾರ” ಎಂದಳು. ಈ ಸಲ ಮೃದುಲಾ ಸೆರಗೂ ಒತ್ತಿಕೊಳ್ಳದೆ ನಕ್ಕಳು.

ಪೈಪುಗಳು ಅಂದೇ ನೆಲಕ್ಕೆ ಮಲಗಿದವು. ಆದರೂ ಎಲೆಯಲುಗದ ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಆ ಹೂಂಕಾರ ಕೇಳುತ್ತದೆ. ‘ಗುರುಕಿರಣ’ ಎಂದರೆ ತಿರುಗದ ಕೂಸು ಆಗ ಬಾಗಿಲತ್ತ ನೋಡಿ ಕೇಕೆ ಹಾಕುತ್ತದೆ.

“ಸತ್ತವರಿಗೆ ಮಾತು ಕೊಟ್ಟೀರಿ. ಯಾವಾಗ ತೀರಸ್ತೀರಿ?” ಎನ್ನುತ್ತಾಳೆ ಯಲ್ಲವ್ವ.

“ಮುಂದಿನ ಕೂಸಿಗೆ ಇಟ್ರಾತು.”

“ಜಯಶ್ರೀ ಒಂದ ಸಾಕು ಅಂದಾಳ. ಮ್ಯಾಲ ಹೆಸರಿನ ಪಾಳಿಯೊಳಗ ನಿಮ್ಮಪ್ಪ ಬ್ಯಾರೆ ಮುಂದ ನಿಂತಾರಲ್ರಿ.”

ಕಂಠೆಪ್ಪ ಮೀಸೆ ತಿರುವುತ್ತಾನೆ. ಬಾಗಿಲತ್ತ ಮಾತ್ರ ನೋಡುವುದಿಲ್ಲ.