ಮೊಣಕಾಲಿಗೆ ವಿನಾಯಿತಿ ಇಲ್ಲ

ಮದುವೆಯಾಗಿ ಹಳಬನಾದ ಗಂಡಸು ಕಾರಣವಿಲ್ಲದೆ ಹೆಂಡತಿಯ ಆರೋಗ್ಯ ವಿಚಾರಿಸಬಾರದು. ಜಗಳ ಆಡಿ, ನಡೆಯುತ್ತದೆ. ಪಲ್ಯಕ್ಕೆ ಉಪ್ಪು ಕಮ್ಮಿ ಅಂತ ಮುಖ ಊದಿಸಿಕೊಳ್ಳಿ, ಅದೂ ನಡೆಯುತ್ತದೆ. ಆದರೆ ಒಂದು ಮುಂಜಾನೆ ಎದ್ದು, "ನಿನಗ ಎಲ್ಲ್ಯಾರ ಬ್ಯಾನಿ ಐತೇನ?" ಅಂತ ಕೇಳಿ ನೋಡಿ, ಆವತ್ತಿನಿಂದ ಮನೆಯವರ ಕಣ್ಣು ನಿಮ್ಮ ಮೇಲೇ ಇರುತ್ತದೆ. ನಮ್ಮ ಮೂಡಲಗಿಯಲ್ಲಂತೂ ಗಂಡ ಏಕಾಏಕಿ ಒಳ್ಳೆಯವನಾದ ಅಂದರೆ ಎಲ್ಲೋ ಏನೋ ಮಾಡಿಕೊಂಡು ಬಂದಿದ್ದಾನೆ ಅಂತಲೇ ಲೆಕ್ಕ.

ನಾನು ಮಾಡಿಕೊಂಡು ಬಂದದ್ದು ಖರೆ. ನಾನೊಬ್ಬ ಹೈಸ್ಕೂಲು ಮಾಸ್ತರ. ನಮ್ಮ ಸಾಲಿಯ ಮಾಸ್ತರುಗಳೆಲ್ಲ ಆದಾಯ ತೆರಿಗೆಯ ಫಾರ್ಮು ತುಂಬಿಸಲು ಗೋಕಾಕದ ಒಬ್ಬನ ಹತ್ತಿರ ಹೋಗುತ್ತೇವೆ. ಅವನಿಗೆ ಅಪ್ಪ ಅವ್ವ ಇಟ್ಟ ಹೆಸರು ಬೇರೆ ಇದೆ, ನಾವು ಕರೆಯುವುದು ಮಾತ್ರ ರಿಫಂಡ್ ಕಾಕಾ ಅಂತ. ಪಗಾರದಲ್ಲಿ ಮುರಿದುಕೊಂಡ ತೆರಿಗೆಯನ್ನು ಸರ್ಕಾರದಿಂದ ತಿರುಗಿ ಕಕ್ಕಿಸುವುದರಲ್ಲಿ ಅವನದು ಎತ್ತಿದ ಕೈ. ಬಂದದ್ದರಲ್ಲಿ ಅವನಿಗೊಂದು ಪಾಲು. ಏನು ಬರೆದು ತರಿಸಿದ ಅಂತ ನಾನು ಕೇಳಲಿಲ್ಲ. ಲಗ್ನದ ಊಟಕ್ಕೆ ಕೂತವನು ಅಡುಗೆಯವನ ಕೈ ನೋಡಲು ಹೋಗುತ್ತಾನೆಯೇ? ಬಂದ ರೊಕ್ಕದಲ್ಲಿ ನನಗೊಂದು ಚಂದದ ವಾಚು ಕೊಂಡು, ಕಟ್ಟಿಕೊಂಡು ತಿರುಗಾಡಿದೆ.

ಅದರ ಹಿಂದೆಯೇ ತೆರಿಗೆ ಇಲಾಖೆಯ ನೋಟಿಸು ಬಂತು. ತೋರಿಸಿದ ಕಡಿತಗಳಿಗೆಲ್ಲ ಪುರಾವೆ ತರಬೇಕಂತೆ, ವಿಚಾರಣೆ ಇದೆಯಂತೆ. ಮನೆಯಲ್ಲಿ ಹೇಳದೆ ಗೋಕಾಕಕ್ಕೆ ಓಡಿದೆ. ಕಾಕಾ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ: "ಗಾಬರಿ ಆಗಬ್ಯಾಡ್ರಿ ಸರ್. ನಿಮ್ಮ ಮನಿಯವರಿಗೆ ದೊಡ್ಡ ಜಡ್ಡು ಐತಿ, ಔಷಧಕ್ಕ ಭಾಳ ಖರ್ಚಾಗೈತಿ ಅಂತ ತೋರಿಸೇವಿ. ಡಾಕ್ಟರ ಕಡೆಯಿಂದ ಒಂದು ಕಾಗದ ತಂದ್ರ ಮುಗೀತು."

"ಯಾವ ಜಡ್ಡು?" ಅಂದೆ.

"ಅದನ್ನ ನೀವ ನೋಡ್ಕೋರಿ. ನಿಮ್ಮ ಮನಿಯವರು, ನಿಮಗ ಗೊತ್ತಿರತೈತಿ," ಅಂದುಬಿಟ್ಟ. ಯಾವ್ಯಾವ ಜಡ್ಡಿಗೆ ವಿನಾಯಿತಿ ಇದೆ ಅಂತ ಬಾಯಿಪಾಠ ಒಪ್ಪಿಸಿದ. ಎಲ್ಲವೂ ಕೇಳಿದರೆ ಎದೆ ಝಲ್ಲೆನ್ನುವಂಥವು.

ನನ್ನ ಹೆಂಡತಿ ಸುವರ್ಣಾ ರೊಟ್ಟಿ ಬಡಿದರೆ ಬಾಜೂ ಮನೆಯವರಿಗೆ ಅಲಾರ್ಮು ಬೇಕಾಗುವುದಿಲ್ಲ. ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಎತ್ತಿಡುತ್ತಾಳೆ. ಇವಳನ್ನು ಯಾವ ಸಾಹೇಬ ರೋಗಿ ಅಂತ ನಂಬಿಯಾನು? ಅಂದಿನಿಂದ ನನಗೆ ಓಣಿಗೆ ಬಂದವರೆಲ್ಲ ತೆರಿಗೆಯವರಾಗಿ ಕಾಣತೊಡಗಿದರು. ಕರೆಂಟ್ ಮೀಟರ್ ನೋಡಲು ಬಂದವನ ಎದುರೇ ಅವಳು ಸಿಲಿಂಡರಿಗೆ ಕೈ ಹಾಕಿದಳು. ನಾನು ಓಡಿಹೋಗಿ ಕಸಿದುಕೊಂಡೆ. "ನೀ ಎತ್ತಬ್ಯಾಡ, ಕುಂದರು. ನಿನ್ನ ತಬ್ಬೇತ ನೋಡ್ಕೋಬೇಕು," ಅಂತ ಅವನಿಗೆ ಕೇಳಿಸುವ ಹಾಗೆ ಹೇಳಿದೆ. ಅವನು ಬಿಲ್ಲು ಕೊಟ್ಟು ಹೋದ. ಸುವರ್ಣಾ ಮಾತ್ರ ನನ್ನನ್ನೇ ನೋಡುತ್ತ ನಿಂತಿದ್ದಳು. ಸಂಜೆ ನಾನು ದಾಳಿಂಬೆ ತಂದದ್ದನ್ನೂ ಹಾಗೆಯೇ ನೋಡಿದಳು.

ಮರುದಿನ ಮುಂಜಾನೆ ಧೈರ್ಯ ಮಾಡಿ ಬ್ಯಾನಿಯ ಮಾತು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮೊಣಕಾಲು ಬ್ಯಾನಿ ಐತಿ. ಸಣ್ಣವ ಹುಟ್ಟಿದಾಗಿಂದ ಐತಿ. ಯಾಕ?"

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ನಿರಾಸೆಯಾಯಿತು. ಕಾಕಾ ಹೇಳಿದ ಜಡ್ಡುಗಳಲ್ಲಿ ಮೊಣಕಾಲು ಇರಲಿಲ್ಲ. "ಅಷ್ಟ? ಬ್ಯಾರೆ ಏನೂ ಇಲ್ಲ?" ಅಂದೆ.

"ಇನ್ನೂ ಏನ ಬೇಕಾಗಿತ್ರಿ ನಿಮಗ?" ಅಂದಳು.

ಆಮೇಲೆ ಅವಳು ವಿಚಿತ್ರವಾಗಿ ಮೆತ್ತಗಾದಳು. ನನ್ನನ್ನು ಅಡುಗೆಮನೆಗೆ ಕರೆದು, "ಮಸಾಲಿ ಖಾರ ಈ ಡಬ್ಬಿಯಾಗ ಐತಿ, ಅರಿಷಿಣ ಇದರಾಗ. ಹುಡುಗೂರಿಗೆ ಜ್ವರ ಬಂದ್ರ ಗುಳಿಗಿ ಮ್ಯಾಲಿನ ಫಳಿ ಮ್ಯಾಲ ಅದಾವು. ನೆನಪಿಟ್ಕೋರಿ," ಅಂದಳು. ಈಗ ಸಂಶಯ ನನ್ನ ಪಾಲಿಗೆ ಬಂತು. ಇವಳು ತವರಿಗೆ ಹೊರಟಳೇನು, ನನ್ನನ್ನು ಬಿಟ್ಟೇ ಹೋಗುತ್ತಾಳೇನು ಅಂತ ಒಳಗೊಳಗೇ ಹೆದರಿದೆ. ಅದಕ್ಕೆ ಸರಿಯಾಗಿ ಹುಕ್ಕೇರಿಯಿಂದ ಅವಳ ತಮ್ಮ ಬಂದಿಳಿದ. ಚಹಾ ಕೂಡ ಕುಡಿಯದೆ ನನ್ನನ್ನು ಕಟ್ಟೆಗೆ ಕರೆದೊಯ್ದ.

"ಮಾಮಾ, ಅಕ್ಕಗ ಏನಾಗೈತಿ? ಫೋನಿನ್ಯಾಗ ಅಳಾಕತ್ತಿದ್ಳು. ಹ್ವಾದ ತಿಂಗಳ ನಿಮ್ಮ ಸಾಲ್ಯಾಗಿನ ಆರೋಗ್ಯ ಶಿಬಿರದಾಗ ಅಕ್ಕನ ರಕ್ತ ತಪಾಸಣಿ ಮಾಡಿದ್ರಲ್ಲ, ಅದರಾಗ ಏನೋ ಬಂದೈತಿ, ನೀವು ಮುಚ್ಚಿಟ್ಟೀರಿ ಅಂತಾಳ. ಹೇಳದ ಗೋಕಾಕಕ್ಕ ಹೋಗ್ತೀರಿ, ಹಣ್ಣು ತರ್ತೀರಿ, ಎತ್ತಬ್ಯಾಡ ಅಂತೀರಿ. ಖರೆ ಹೇಳ್ರಿ."

ಅಷ್ಟರಲ್ಲಿ ಸುವರ್ಣಾ ಬಾಗಿಲಿಗೆ ಬಂದು ನಿಂತಿದ್ದಳು. "ಹುಡುಗೂರ ಮುಂದ ಹೇಳಬ್ಯಾಡ್ರಿ. ನನ್ನ ಮುಂದ ಹೇಳ್ರಿ. ಇನ್ನ ಎಷ್ಟ ದಿನ ಐತಿ ನಂದು?"

ಸರ್ಕಾರಕ್ಕೆ ಹೇಳಿದ ಸುಳ್ಳನ್ನು ನನ್ನ ಹೆಂಡತಿ ನಂಬಿಕೊಂಡು, ಸಾಯಲು ತಯಾರಾಗಿ, ನಾನು ಉಪವಾಸ ಬೀಳಬಾರದು ಅಂತ ಡಬ್ಬಿ ತೋರಿಸಿದ್ದಳು. ಕಾಕಾ, ವಾಚು, ನೋಟಿಸು, ಎಲ್ಲವನ್ನೂ ಹೇಳಿಬಿಟ್ಟೆ. ತಮ್ಮ ನಗತೊಡಗಿದ. ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಂಗೈ ನೋಡಿದಳು.

"ಅಂದ್ರ ಈ ವಾಚು ನನ್ನ ಜಡ್ಡಿನ ರೊಕ್ಕದ್ದು," ಅಂದಳು. ಆಮೇಲೆ ನಿಧಾನವಾಗಿ, "ಸುಳ್ಳು ಕಾಗದ ತರಬ್ಯಾಡ್ರಿ. ಬಾಯಾಗ ಆಡಿದ್ದು ಮೈಗೆ ಹತ್ತತೈತಿ. ತಗೊಂಡಿದ್ದು ತಿರುಗಿ ಕೊಟ್ಟು ಬರ್ರಿ," ಅಂದಳು.

ಕೊಟ್ಟು ಬಂದೆ, ಬಡ್ಡಿ ದಂಡ ಸಮೇತ. ಕಾಕಾನ ಅಂಗಡಿಗೆ ಬೀಗ ಬಿದ್ದಿತ್ತು. ಅದೇ ದಿನ ಅವಳನ್ನು ಗೋಕಾಕದ ಎಲುಬಿನ ಡಾಕ್ಟರಿಗೆ ತೋರಿಸಿದೆ. ಮೊಣಕಾಲು ಸವೆದಿದೆ, ಮೊದಲೇ ಯಾಕೆ ಬರಲಿಲ್ಲ ಅಂತ ಡಾಕ್ಟರು ಕೇಳಿದ್ದು ಅವಳನ್ನು, ತಲೆ ತಗ್ಗಿಸಿದ್ದು ನಾನು. ಖರ್ಚು ಬಹಳವಾಯಿತು. ಒಂದೊಂದು ಬಿಲ್ಲೂ ಖರೆ, ಒಂದಕ್ಕೂ ವಿನಾಯಿತಿ ಇಲ್ಲ.

ಈಗ ದಿನಾ ಮುಂಜಾನೆ ಕೇಳುತ್ತೇನೆ, ಮನಸ್ಸಿನಿಂದಲೇ ಕೇಳುತ್ತೇನೆ: "ಮೊಣಕಾಲು ಹೆಂಗೈತಿ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ.

"ಈ ವರ್ಷ ಏನಂತ ಬರಿಸೀರಿ?"