ಎಡಗೈ ಬಿಟ್ರ ಬೀಳೋ ಗಿಟಾರು

ಮದುವಿ ಆರ್ಕೆಸ್ಟ್ರಾದಾಗ ಬೇಸ್ ಗಿಟಾರು ನುಡಿಸೋನಿಗೆ ಮರ್ಯಾದಿ ಹೋಗಾಕ ಬ್ಯಾರೆ ಕಾರಣ ಬೇಕಾಗಿಲ್ರಿ, ಗಿಟಾರೊಂದೇ ಸಾಕು. ಪ್ರತಿ ಮದುವ್ಯಾಗೂ ಏನಾರ ಒಂದು ಆಗಿದ್ದೇ. ನಂದು ಸೆಕೆಂಡ್ ಹ್ಯಾಂಡ್ ಗಿಟಾರು. ಕತ್ತು ಮಾರುದ್ದ, ಅದರ ತುದೀಗೆ ತಂತಿ ಬಿಗಿಯೋ ಕಬ್ಬಿಣದ ಬಿರಡಿ. ಹೊಟ್ಟಿ ನೋಡಿದ್ರ ಹಗುರ ಕಟ್ಟಿಗಿ. ಹೆಗಲಿಗೆ ಹಾಕ್ಕಂಡು ಎಡಗೈ ಬಿಟ್ಟೆ ಅಂದ್ರ ಕತ್ತು ಸೀದಾ ನೆಲಕ್ಕ. ವಾರಪೂರ್ತಿ ಹರಪನಹಳ್ಳಿ ಆಫೀಸಿನ್ಯಾಗ ನಾನು ಗುಮಾಸ್ತ, ರಜಾ ದಿನ ಎಡಗೈ ಇಲ್ಲದ ಮನುಷ್ಯ.

ಅದೇ ಆರ್ಕೆಸ್ಟ್ರಾದಾಗ ಹಾಡೋಕಿ ಒಬ್ಬಾಕಿ ಇದ್ಲು, ಹಡಗಲಿಯಾಕಿ. ಹಾಡೋರು ಮುಂದ, ಬೇಸಿನವ ಹಿಂದ. ಒಮ್ಮೆರ ನನ್ನ ಕಡಿ ತಿರುಗಿ ನೋಡ್ಲಿ ಅಂತ ಮೂರು ವರ್ಷ ಆಕಿ ಬೆನ್ನು ನೋಡ್ಕಂತ ನುಡಿಸೀನಿ.

ನಮಸ್ಕಾರ

ನೀಲಗುಂದದಾಗ ಒಂದು ಮದುವಿ. ಮದುಮಗಳ ಅಜ್ಜಾರು ನಮಗೆಲ್ಲ ಶಾಲು ಹಾಕಾಕ ಸ್ಟೇಜ್ ಹತ್ತಿದ್ರು. ಎಲ್ಲಾರೂ ಕೈ ಮುಗಿದ್ರು. ಹಿರೇರಿಗೆ ಒಂದೇ ಕೈಲೆ ನಮಸ್ಕಾರ ಮಾಡಾಕ ಆಗ್ತೈತೇನ್ರಿ? ನಾನೂ ಎರಡೂ ಕೈ ಎತ್ತಿದೆ. ಗಿಟಾರಿನ ಕತ್ತು ಧೊಪ್ಪಂತ ಅಜ್ಜಾರ ಹೆಬ್ಬೆರಳ ಮ್ಯಾಲೆ ಬಿತ್ತು.

ಅಜ್ಜಾರು ಕಾಲು ಹಿಡಕಂಡು ಅಂದ್ರು: "ಕಾಲಿಗೆ ಬೀಳೋದಾದ್ರ ನೀನು ಬೀಳಪ್ಪಾ. ಅದನ್ಯಾಕ ಬೀಳಸ್ತಿ?"

ಜ್ವಾಳದ ಚೀಲ

ಅವತ್ತು ಆಕಿ ತಿರುಗಿ ನೋಡಿದ್ಲು, ಮೈಕ್ ಮುಚ್ಚಿಕಂಡು ನಕ್ಕಳು. ಖುಷಿ ಆತು, ಸಂಕಟನೂ ಆತು. ಹಿಂಗ ನಗಿಪಾಟಲಾಗಿ ಎಷ್ಟು ದಿನ ನೋಡಿಸ್ಕಳ್ಳೋದು?

ಕೊಟ್ಟೂರು ಸಂತ್ಯಾಗ ಕಾಳು ತೂಗೋ ದೋಸ್ತ ಒಬ್ಬ ಇದ್ದ. ಗಿಟಾರನ್ನ ಅಂಗೈ ಮ್ಯಾಲೆ ಅಡ್ಡ ಇಟ್ಟು ನೋಡಿದ. "ತಕ್ಕಡಿ ಒಂದು ಕಡಿ ಜಗ್ಗಿದ್ರ ಇನ್ನೊಂದು ಕಡಿ ತೂಕ ಹಾಕಬೇಕಲೇ, ಅಷ್ಟೂ ಗೊತ್ತಿಲ್ಲೇನು?" ಅಂದು ಒಂದು ಕೇಜಿ ಜ್ವಾಳ ಚೀಲಕ್ಕ ತುಂಬಿ ಗಿಟಾರಿನ ಹೊಟ್ಟಿ ಹಿಂದ ಕಟ್ಟಿದ. ಕತ್ತು ನೆಟ್ಟಗ ನಿಂತಿತು!

ಹಿರೇಹಡಗಲ್ಯಾಗ ಹಗಲು ಮದುವಿ, ಮನಿ ಮುಂದ ಹಂದರ. ಆಕಿ ಕಣ್ಣೀರು ಬರಸೋ ಹಾಡು ಶುರು ಮಾಡಿದ್ಲು. ಅದೇ ಹೊತ್ತಿಗೆ ಚೀಲದ ಹೊಲಿಗಿ ಬಿಚ್ಚಿ ಜ್ವಾಳ ಸುರಿಯಾಕ ಹತ್ತಿತು. ಎಲ್ಲಿದ್ವೋ ಏನೋ, ಓಣಿ ಕೋಳಿ ಎಲ್ಲಾ ಸ್ಟೇಜ್ ಹತ್ತಿದ್ವು. ಒಂದು ನನ್ನ ಕಾಲ್ಬೆರಳೂ ಕುಕ್ಕಿತು. ಜ್ವಾಳ ಖಾಲಿ ಆದಂಗ ಕತ್ತು ಬಾಗಾಕ ಹತ್ತಿತು, ಕೈ ಬಿಟ್ಟು ಕೋಳಿ ಓಡಸಂಗಿಲ್ಲ. ಆ ಹಾಡಿಗೆ ಅವತ್ತು ಕಣ್ಣೀರು ಹಾಕಿದವ ನಾನೊಬ್ಬನೇ.

ಮದುವಿ ಯಜಮಾನ್ರು ಬಂದು, "ಮುಂದಿನ ಸಲ ಅಕ್ಕಿ ಕಟ್ಕಂಡು ಬರ್ರಿ. ಅಕ್ಷತಿಗಾರ ಆಗ್ತೈತಿ," ಅಂದ್ರು.

ಕಂಬಳಿ ಪಟ್ಟಿ

ಹೆಗಲ ಮ್ಯಾಲೆ ಪಟ್ಟಿ ಜಾರಿದ್ರಲ್ಲೇನು ಕತ್ತು ಬೀಳೋದು? ಜಾರದಂಗ ಮಾಡಿದ್ರಾತು ಅಂತ ಕೂಡ್ಲಿಗಿ ಟೇಲರ್ ಕಡಿಂದ ಕುರಿ ಕಂಬಳಿ ತುಂಡಿನ ಪಟ್ಟಿ ಹೊಲಿಸಿದೆ. ಜಾರ್ಲಿಲ್ಲ, ಖರೇ. ಆದ್ರ ಕಡಿತ ಅಂದ್ರ ಕಡಿತ, ಯಪ್ಪಾ!

ಹಗರಿಬೊಮ್ಮನಹಳ್ಳ್ಯಾಗ ಎರಡು ತಾಸು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯೆಲ್ಲ ತಿರುವಿ ತಿರುವಿ ನುಡಿಸಿದೆ. ಮುಗಿದ ಮ್ಯಾಲೆ ಆಕಿ ತಾನಾಗೇ ನನ್ನ ಹತ್ರ ಬಂದ್ಲು.

"ಇಷ್ಟು ಮೈಮರ್ತು ನುಡಿಸೋರನ್ನ ನಾ ನೋಡೇ ಇಲ್ರಿ. ನೀವು ಹಿಂದ ಅದೀರಿ ಅಂದ್ರ ನನಗ ಹಾಡಾಕ ಧೈರ್ಯ ಬರ್ತೈತಿ."

ಆ ಮಾತು ನೆನೆದ್ರ ಈಗಲೂ ಎದಿ ತುಂಬಿ ಬರ್ತೈತ್ರಿ. ನೀವಂದ್ರ ನನಗ ಜೀವ ಅಂತ ಅವತ್ತೇ ಹೇಳಬೇಕಿತ್ತು. ಬಾಯಿಗೆ ಬಂದಿದ್ದು ಮಾತ್ರ, "ಇಲ್ಲಿ ಕೊಬ್ಬರಿ ಎಣ್ಣಿ ಎಲ್ಲಿ ಸಿಗ್ತೈತ್ರಿ?"

ಹಡಗಲಿ ಬಸ್‌ಸ್ಟ್ಯಾಂಡು

ಕಂಬಳಿ ಬಿಚ್ಚಿ ಮತ್ತ ಹಳೇ ಪಟ್ಟಿಗೇ ಬಂದೆ. ಅಷ್ಟರಾಗ ಆಕಿಗೆ ಬೀದರಿನಾಗ ಟೀಚರ್ ಕೆಲಸ ಸಿಕ್ತು. "ಅಲ್ಲೇ ಒಂದು ಗಂಡೂ ನೋಡ್ಯಾರ್ರಿ. ಹೋಗಿ ಹೂಂ ಅನ್ನೋದಷ್ಟೇ ಬಾಕಿ," ಅಂದ್ಲು. ಫೋನಿನ್ಯಾಗ ಬರದು ಅಳಿಸಿ, ಬರದು ಅಳಿಸಿ ಸಾಕಾಗಿತ್ತು. ಹೇಳಿದ್ರ ಎದುರಿಗೇ, ಅದೂ ಇವತ್ತೇ ಅಂತ, ಆಕಿ ಹೊಂಟ ದಿನ ಕಲ್ಯಾಣ ಮಂಟಪದಿಂದ ಗಿಟಾರು ಹೆಗಲಿಗಿದ್ದಂಗೇ ಬಸ್‌ಸ್ಟ್ಯಾಂಡಿಗೆ ಓಡಿದೆ.

ಆಕಿ ಕಿಟಕಿ ಪಕ್ಕ ಕುಂತಿದ್ಲು. ಡ್ರೈವರ್ ಎಂಜಿನ್ ಚಾಲೂ ಮಾಡಿದ್ದ. ಕಂಡಕ್ಟರ್ ಆಕಡಿ ಚಾ ಕುಡಿಯಾಕ ಹತ್ತಿದ್ದ.

"ನಿಮಗೊಂದು ಮಾತು ಹೇಳಬೇಕಿತ್ರಿ," ಅಂದೆ.

"ಹೇಳ್ರಿ. ಎಷ್ಟು ದಿನಾತು ನಾನೂ ಕಾಯಾಕ ಹತ್ತಿ," ಅಂದ್ಲು. ಅಂದು, ಕಿಟಕ್ಯಾಗಿಂದ ಡಬ್ಬಿ ಚಾಚಿದ್ಲು. "ಮೊದ್ಲು ಇದು ಹಿಡೀರಿ. ಶೇಂಗಾ ಉಂಡಿ, ನಾನೇ ಕಟ್ಟೀನಿ."

ಕಾಯಾಕ ಹತ್ತಿದ್ಲಂತ! ನನಗ ಮೈಮ್ಯಾಲೆ ಖಬರೇ ಉಳೀಲಿಲ್ಲ. ಎರಡೂ ಕೈ ಚಾಚಿದೆ.

ಕತ್ತು ಬಿತ್ತು. ಬಸ್ಸಿನ ತಗಡಿಗೆ ಬಡದು, ಪುಟಿದು, ಇನ್ನೊಮ್ಮೆ ಬಡೀತು. ಧಡ್, ಧಡ್. ಬಸ್ಸಿಗೆ ಎರಡೇಟು ಬಡದ್ರ ನಮ್ಮ ಕಡಿ ಡ್ರೈವರಿಗೆ ರೈಟ್ ಅಂತ ಅರ್ಥ. ಹೊಂಟೇಬಿಟ್ಟ. ಆಕಿ ಏನೋ ಕೂಗಿದ್ಲು, ಎಂಜಿನ್ ಸಪ್ಪಳದಾಗ ಕೇಳ್ಲಿಲ್ಲ. ಬೀದರ್ ಮುಟ್ಟಿ ಹೂಂ ಅಂದ್ಲಂತ ಆಮ್ಯಾಲೆ ಗೊತ್ತಾತು. ಏನು ಕೂಗಿದ್ಲೋ, ಇವತ್ತಿಗೂ ಅದೇ ಯೋಚನಿ.

ಕಂಡಕ್ಟರ್ ಚಾ ಗ್ಲಾಸ್ ಕೈಯಾಗ ಹಿಡಕಂಡೇ ಬಸ್ಸಿನ ಬೆನ್ನು ಹತ್ತಿ ಓಡಿದ. ಓಡ್ಕಂತನೇ ಒದರಿದ: "ಯಾವನ್ಲೇ ರೈಟ್ ಹೇಳಿದವ?"

"ನಾನೇರಿ," ಅಂದೆ. "ಮೂರು ವರ್ಷದಾಗ ನಾ ಆಕಿಗೆ ಹೇಳಿದ್ದು ಅದೊಂದೇ."